ಒಂದು ಟ್ರಾಫಿಕ್ ದಂಡ, ಒಂದು ಫೇಸ್‌ಬುಕ್ ಪೋಸ್ಟ್

2023ರ ಫೆಬ್ರವರಿ ನೆನಪಿದೆಯಾ? ಬೆಂಗಳೂರಲ್ಲಿ ಹಳೇ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಅಂದಾಗ ಜನ ಆಷಾಢದ ಸೀರೆ ಸೇಲ್‌ಗೆ ನುಗ್ಗಿದ ಹಾಗೆ ನುಗ್ಗಿದ್ದರು. ನಾನೂ ಸ್ಕೂಟರಿನ ಮೇಲಿದ್ದ ಬಾಕಿ ತೀರಿಸಿ ‘ಋಣಮುಕ್ತ!’ ಅಂತ ಸ್ಟೇಟಸ್ ಹಾಕಿದ್ದೆ. ವಕೀಲಿಕೆ ಮಾಡುವ ಗೆಳತಿಯೊಬ್ಬಳು ಒಂದೇ ಸಾಲಿನ ಉತ್ತರ ಕಳಿಸಿದಳು: ‘ಅಮೆರಿಕದಲ್ಲಿ ಒಬ್ಬ ಇಂಥದ್ದೇ ಸ್ಟೇಟಸ್ ಹಾಕಿ ಸುಪ್ರೀಂ ಕೋರ್ಟ್ ತನಕ ಹೋದ, ಗೊತ್ತಾ?’

ಗೊತ್ತಿರಲಿಲ್ಲ. ಅವತ್ತು ರಾತ್ರಿ ಓದೋಕೆ ಕೂತವನು ಎದ್ದಿದ್ದು ಎರಡು ಗಂಟೆಗೆ.

ನಾರ್ತ್ ಕೆರೊಲಿನಾ ರಾಜ್ಯ, 2010. ಒಬ್ಬನ ಟ್ರಾಫಿಕ್ ಕೇಸು ಕೋರ್ಟಲ್ಲಿ ವಜಾ ಆಯ್ತು. ದಂಡ ಇಲ್ಲ, ಖರ್ಚಿಲ್ಲ. ಖುಷಿಯಲ್ಲಿ ದೇವರಿಗೆ ಥ್ಯಾಂಕ್ಸ್ ಹೇಳಿ ಫೇಸ್‌ಬುಕ್‌ನಲ್ಲಿ ಬರೆದ. ಅಕೌಂಟು ಬೇರೆ ಹೆಸರಿನಲ್ಲಿತ್ತು. ಡರ್ಹಮ್ ಪೊಲೀಸ್ ಅಧಿಕಾರಿಯೊಬ್ಬರ ಕಣ್ಣಿಗೆ ಅದು ಬಿತ್ತು. ಅವರು ಹುಡುಕುತ್ತಿದ್ದದ್ದೇ ಇಂಥವರನ್ನ. ಆ ಸುಮಾರಿಗೆ ಯಾರ ಟ್ರಾಫಿಕ್ ಕೇಸು ವಜಾ ಆಗಿದೆ ಅಂತ ಕೋರ್ಟ್ ದಾಖಲೆ ತೆಗೆಸಿ ನೋಡಿದರು. ಸಿಕ್ಕಿಬಿದ್ದ. 2002ರಲ್ಲಿ, 21 ವರ್ಷದ ಕಾಲೇಜು ವಿದ್ಯಾರ್ಥಿಯಾಗಿದ್ದಾಗ, 13 ವರ್ಷದ ಹುಡುಗಿಯ ಜೊತೆ ಲೈಂಗಿಕ ಸಂಪರ್ಕ ನಡೆಸಿ ತಪ್ಪೊಪ್ಪಿಕೊಂಡಿದ್ದವನು. 2008ರ ರಾಜ್ಯ ಕಾನೂನಿನ ಪ್ರಕಾರ ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿದ್ದವರು, ಮಕ್ಕಳೂ ಸದಸ್ಯರಾಗಬಹುದಾದ ಸೋಶಿಯಲ್ ಮೀಡಿಯಾಕ್ಕೆ ಕಾಲಿಡುವುದೇ ಗಂಭೀರ ಅಪರಾಧ. ಯಾವ ಮಗುವಿಗೂ ಅವನು ಮೆಸೇಜ್ ಕಳಿಸಿದ ಅಂತ ಸರ್ಕಾರ ಹೇಳಲೇ ಇಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅಲ್ಲಿದ್ದನಲ್ಲ, ಅಷ್ಟೇ ಸಾಕಿತ್ತು. ಇದೇ ಕಾನೂನಿನಡಿ ಕೇಸು ಬಿದ್ದವರು ಸಾವಿರಕ್ಕೂ ಹೆಚ್ಚು.

ಈ ಪಟ್ಟಿಯ ಕಥೆ ಹಳೆಯದು. 1947ರಲ್ಲೇ ಕ್ಯಾಲಿಫೋರ್ನಿಯಾ ಇಂಥ ಅಪರಾಧಿಗಳ ನೋಂದಣಿ ಶುರುಮಾಡಿತ್ತು. ಆಗ ಅದು ಪೊಲೀಸರ ಕಪಾಟಿನ ಕಡತ. 1994ರಲ್ಲಿ ನ್ಯೂಜೆರ್ಸಿಯಲ್ಲಿ ಏಳು ವರ್ಷದ ಮೇಗನ್ ಎಂಬ ಮಗುವನ್ನು ಎದುರು ಮನೆಯವನೇ ಕೊಂದ. ಅವನಿಗೆ ಹಿಂದೆ ಎರಡು ಸಲ ಶಿಕ್ಷೆಯಾಗಿತ್ತು, ಅಕ್ಕಪಕ್ಕದವರಿಗೆ ಗೊತ್ತಿರಲಿಲ್ಲ. ‘ನಮಗೆ ಯಾಕೆ ಹೇಳಲಿಲ್ಲ?’ ಅನ್ನುವ ಅಪ್ಪ ಅಮ್ಮಂದಿರ ಪ್ರಶ್ನೆಗೆ ಯಾರ ಹತ್ತಿರ ಉತ್ತರವಿತ್ತು ಹೇಳಿ? 1996ರಲ್ಲಿ ಕ್ಲಿಂಟನ್ ಸಹಿಯೊಂದಿಗೆ ‘ಮೇಗನ್ ಕಾನೂನು’ ಇಡೀ ದೇಶಕ್ಕೆ ಬಂತು, ಕಡತ ಕಪಾಟಿನಿಂದ ಬೀದಿಗೆ ಬಂತು. ಆಮೇಲೆ ಬೀದಿಯೇ ಇಂಟರ್‌ನೆಟ್ಟಿಗೆ ಹೋಯ್ತಲ್ಲ, ಕಾವಲೂ ಹಿಂದೆಯೇ ಹೋಯ್ತು. ಇಮೇಲ್ ಐಡಿ, ಚಾಟ್ ಹೆಸರು ಕೂಡ ಪಟ್ಟಿಗೆ ಸೇರಿದವು. 2009ರಲ್ಲಿ ಮೈಸ್ಪೇಸ್ ತಾನು 90,000 ಅಪರಾಧಿಗಳನ್ನು ಹೊರಹಾಕಿದ್ದಾಗಿ ಹೇಳಿತು. 2012ರಲ್ಲಿ ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಆನ್‌ಲೈನ್ ಗೇಮ್‌ಗಳಿಂದ 3,500ಕ್ಕೂ ಹೆಚ್ಚು ಅಕೌಂಟು ತೆಗೆಸಿದರು.

ನನಗೆ ಹೆಚ್ಚು ಹಿಡಿಸಿದ್ದು ಕೋರ್ಟುಗಳು ಈ ಗಂಟನ್ನು ಬಿಡಿಸೋಕೆ ಪಟ್ಟ ಪಾಡು. 2002ರಲ್ಲಿ ನ್ಯೂಯಾರ್ಕ್‌ನ ಮೇಲ್ಮನವಿ ಕೋರ್ಟಿಗೆ ಮಕ್ಕಳ ಅಶ್ಲೀಲ ಚಿತ್ರ ಇಟ್ಟುಕೊಂಡಿದ್ದವನ ಕೇಸು ಬಂತು. ಅಧಿಕಾರಿಯ ಅನುಮತಿಯಿಲ್ಲದೆ ಕಂಪ್ಯೂಟರೂ ಬೇಡ, ಇಂಟರ್‌ನೆಟ್ಟೂ ಬೇಡ ಅಂತ ಕೆಳಗಿನ ಕೋರ್ಟ್ ಹೇಳಿತ್ತು. ಫೋನಿನಲ್ಲಿ ಮೋಸ ಮಾಡಿದವನಿಗೆ ಜೀವನದಲ್ಲಿ ಫೋನೇ ಮುಟ್ಟಬೇಡ ಅಂತೀವಾ ಅನ್ನೋ ಧಾಟಿಯಲ್ಲಿ ಮೇಲಿನವರು ಅದನ್ನು ತೆಗೆದರು. ಬದಲಿಗೆ ಹೇಳದೆ ಕೇಳದೆ ಹೋಗಿ ಕಂಪ್ಯೂಟರ್ ತಪಾಸಣೆ ಮಾಡಿ, ಬೇಕಾದರೆ ಆಮಿಷದ ಜಾಹೀರಾತು ತೋರಿಸಿ ಬೀಳ್ತಾನಾ ನೋಡಿ ಅಂದರು. 2011ರಲ್ಲಿ ಇಂಗ್ಲೆಂಡಿನ ಕೋರ್ಟ್ ಇನ್ನೂ ಸರಳವಾದ ದಾರಿ ಹಿಡಿಯಿತು: ನೆಟ್ ಬಳಸಲಿ, ಆದರೆ ಬ್ರೌಸಿಂಗ್ ಹಿಸ್ಟರಿ ಅಳಿಸಬಾರದು, ಪೊಲೀಸರು ಕೇಳಿದಾಗ ತೋರಿಸಬೇಕು. ನಿಜ ಹೇಳ್ತೀನಿ, ಕೋಡ್ ಬರೆದು ಹೊಟ್ಟೆ ಹೊರೆಯುವ ನನಗೆ ಇದು ಒಳ್ಳೇ ಡಿಸೈನ್ ಅನ್ನಿಸಿತು. ಲಾಗ್ ಇಡು, ಬಾಗಿಲು ಮುಚ್ಚಬೇಡ.

ಫೇಸ್‌ಬುಕ್ ಕೇಸು 2017ರ ಜೂನ್ 19ಕ್ಕೆ ತೀರ್ಮಾನವಾಯ್ತು. ಪ್ಯಾಕಿಂಗ್‌ಹ್ಯಾಮ್ ತೀರ್ಪು ಅಂತಲೇ ಅದರ ಹೆಸರು. ಪೀಠದಲ್ಲಿದ್ದ ಎಂಟೂ ನ್ಯಾಯಮೂರ್ತಿಗಳು ಕಾನೂನನ್ನು ಹೊಡೆದುಹಾಕಿದರು. ಇವತ್ತು ಜನ ಕೂಡಿ ಮಾತಾಡುವ ಕಟ್ಟೆ ಸೋಶಿಯಲ್ ಮೀಡಿಯಾನೇ, ಶಿಕ್ಷೆ ಮುಗಿಸಿದವನನ್ನೂ ಅಲ್ಲಿಂದ ಪೂರ್ತಿ ಓಡಿಸಿದರೆ ಅವನು ಹೊಸ ಬದುಕು ಕಟ್ಟಿಕೊಳ್ಳೋದು ಹೇಗೆ ಅನ್ನೋದು ನ್ಯಾಯಮೂರ್ತಿ ಕೆನಡಿ ವಾದ. ಮಕ್ಕಳನ್ನು ಸಂಪರ್ಕಿಸುವುದನ್ನು ತಡೆಯುವ ಕಾನೂನು ಬೇಕಾದರೆ ಮಾಡಿ ಅಂತಲೂ ಹೇಳಿದರು. ತೀರ್ಪನ್ನು ಒಪ್ಪಿದರೂ ಈ ಭಾಷೆ ಅತಿಯಾಯ್ತು ಅಂತ ಗೊಣಗಿದ ನ್ಯಾಯಮೂರ್ತಿ ಅಲಿಟೊ ಇನ್ನೊಂದು ಎಡವಟ್ಟು ತೋರಿಸಿದರು: ಈ ಕಾನೂನಿನ ವ್ಯಾಖ್ಯೆಯಲ್ಲಿ ಅಮೆಜಾನ್, ವಾಷಿಂಗ್ಟನ್ ಪೋಸ್ಟ್ ಕೂಡ ಬರುತ್ತವೆ!

ತೀರ್ಪು ಓದಿ ಮುಗಿಸಿದಾಗ ಸಮಾಧಾನವಾಯ್ತು. ಆಮೇಲೆ ಆ 13 ವರ್ಷದ ಹುಡುಗಿ ನೆನಪಾದಳು. ಅಷ್ಟು ಪುಟಗಳ ತೀರ್ಪಲ್ಲಿ ಅವಳಿಗೆ ಸಿಕ್ಕಿದ್ದು ಒಂದು ಸಾಲು. ಈಗ ಅವಳಿಗೆ ಮೂವತ್ತು ದಾಟಿರಬೇಕು. ಆ ಪೋಸ್ಟ್ ಅವಳ ಕಣ್ಣಿಗೆ ಬಿದ್ದಿದ್ದರೆ ಏನು ಅನ್ನಿಸುತ್ತಿತ್ತೋ. ತೀರ್ಪು ಸರಿ ಅಂತ ಈಗಲೂ ಅಂತೀನಿ, ಆದರೆ ಅವಳ ಎದುರು ನಿಂತು ಅಷ್ಟೇ ಗಟ್ಟಿಯಾಗಿ ಅನ್ನೋಕೆ ಧೈರ್ಯ ಬರಲ್ಲ.

ನಮ್ಮಲ್ಲೂ ಪಟ್ಟಿ ಇದೆ. 2018ರ ಸೆಪ್ಟೆಂಬರ್ 20ಕ್ಕೆ ಕೇಂದ್ರ ಗೃಹ ಸಚಿವಾಲಯ ಶುರುಮಾಡಿದ್ದು, ಆಗಲೇ 4.4 ಲಕ್ಷ ನಮೂದು. ನಡೆಸೋದು ಎನ್‌ಸಿಆರ್‌ಬಿ, ನೋಡೋಕೆ ಅವಕಾಶ ಪೊಲೀಸರಂಥ ತನಿಖಾ ಸಂಸ್ಥೆಗಳಿಗೆ ಮಾತ್ರ. ‘ಅಮೆರಿಕದ ಥರ ಎಲ್ಲರಿಗೂ ತೋರಿಸಬೇಕು, ಇಂಥವರ ಮೊಬೈಲೇ ಕಿತ್ಕೋಬೇಕು’ ಅಂತ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಒಬ್ಬರು ಬರೆದಾಗ ನಾನೂ ಹೆಬ್ಬೆರಳು ಒತ್ತಿದವನೇ. ಅದೇ ಎನ್‌ಸಿಆರ್‌ಬಿ ವರದಿ ತೆಗೆದು ನೋಡಿ, ವರ್ಷ ವರ್ಷವೂ ಅತ್ಯಾಚಾರ ಪ್ರಕರಣಗಳಲ್ಲಿ 90%ಕ್ಕೂ ಹೆಚ್ಚು ಆರೋಪಿಗಳು ಪರಿಚಯದವರೇ. ನೆಂಟರು, ನೆರೆಯವರು, ಸ್ನೇಹಿತರು.

ಮೊನ್ನೆ ಅಕ್ಕನ ಮಗಳಿಗೆ 13 ತುಂಬಿತು. ಹಠ ಮಾಡಿ ಇನ್‌ಸ್ಟಾಗ್ರಾಂ ಅಕೌಂಟ್ ತೆಗೆಸಿಕೊಂಡಳು. ‘ಮಾಮ, ನನ್ನ ಫಾಲೋ ಮಾಡು’ ಅಂದಳು, ಮಾಡಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳ ಫಾಲೋವರ್ಸ್ ಪಟ್ಟಿ ತೆರೆದು ಒಂದೊಂದೇ ಹೆಸರು ನೋಡುತ್ತಾ ಕೂತೆ. ಮೂವತ್ತೆಂಟು ಜನ. ಬಹುತೇಕ ಎಲ್ಲರೂ ನನಗೆ ಗೊತ್ತಿರುವವರೇ.