ಶಿಳ್ಳೆ ಗುರುವಿನದು, ಬೆರಳು ಯಾರದು?

ರಾತ್ರಿ ಒಂಬತ್ತರ ಚರ್ಚೆ ಮುಗಿಸಿ ಇಯರ್‌ಪೀಸ್ ತೆಗೆದರೂ ಕಿವಿಯೊಳಗಿನ ಗದ್ದಲ ನಿಲ್ಲೋದಿಲ್ಲ. ಒಂದಿನ ಮನೆಗೆ ಹೋಗುವಾಗ ಕಾರಿನಲ್ಲಿ ಒಂದು ಪಿಯಾನೋ ಆಲ್ಬಂ ಹಾಕಿದೆ. ಅಮೆರಿಕದ ಕೀತ್ ಜಾರೆಟ್ ನುಡಿಸಿ, 1980ರಲ್ಲಿ ಬಂದ 'ಸೇಕ್ರೆಡ್ ಹಿಮ್ಸ್'. ಆತುರವಿಲ್ಲ, ಆರ್ಭಟವಿಲ್ಲ. ಎರಡು ಸ್ವರಗಳ ನಡುವೆ ಉಸಿರಾಡುವಷ್ಟು ಜಾಗ. ಆಲ್ಬಂನ ಶೀರ್ಷಿಕೆಯಲ್ಲಿ ಇರೋದು ಒಂದೇ ಹೆಸರು: ಗುರ್ಜಿಯೆಫ್. ನನ್ನ ಪ್ರಶ್ನೆ ಶುರುವಾಗೋದೇ ಅಲ್ಲಿಂದ.

ಯಾರು ಈ ಗುರ್ಜಿಯೆಫ್? ಈಗಿನ ಅರ್ಮೇನಿಯಾದ ಗ್ಯುಮ್ರಿಯಲ್ಲಿ ಹುಟ್ಟಿದ ಗುರು. ಮನುಷ್ಯ ಎದ್ದಿದ್ದೇನೆ ಅಂದುಕೊಂಡೇ ನಿದ್ದೆಯಲ್ಲಿ ಬದುಕುತ್ತಾನೆ, ಯಂತ್ರದ ಹಾಗೆ. ಎಚ್ಚರಾಗಬೇಕು, ತನ್ನ ನೆನಪು ತನಗಿರಬೇಕು. ಇದು ಆತನ ಬೋಧನೆ.

ಆದರೆ ನೋಡಿ, ಆತ ಪಿಯಾನೋ ವಿದ್ವಾಂಸನಲ್ಲ. ಹಾಗಾದರೆ ಬರೆದವರು ಯಾರು? ಥಾಮಸ್ ದ ಹಾರ್ಟ್‌ಮನ್. ಉಕ್ರೇನ್‌ನಲ್ಲಿ ಹುಟ್ಟಿದವನು. 1907ರಲ್ಲಿ ಇವನ ಬ್ಯಾಲೆಗೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹೆಜ್ಜೆ ಹಾಕಿದವರಲ್ಲಿ ಪಾವ್ಲೋವಾ, ನಿಜಿನ್ಸ್ಕಿ ಇದ್ದರು. ಅಂಥ ಹೆಸರು! 1916ರಲ್ಲಿ ಗುರ್ಜಿಯೆಫ್ ಸಿಕ್ಕ. ಮರುವರ್ಷ ಕ್ರಾಂತಿ. ಹೆಂಡತಿ ಓಲ್ಗಾ ಜೊತೆ ಗುರುವಿನ ಬೆನ್ನು ಹಿಡಿದು ಹೊರಟೇಬಿಟ್ಟ. ಕಾಕಸಸ್ ಬೆಟ್ಟ ದಾಟಿ, ಟಿಫ್ಲಿಸ್, ಕಾನ್‌ಸ್ಟಾಂಟಿನೋಪಲ್, ಬರ್ಲಿನ್ ಸುತ್ತಿ, 1922ರಲ್ಲಿ ಪ್ಯಾರಿಸ್ ಹತ್ತಿರದ ಫಾಂಟೆನ್‌ಬ್ಲೋ ತಲುಪಿದರು.

1924ರಲ್ಲಿ ಗುರುವಿಗೆ ಭೀಕರ ಕಾರು ಅಪಘಾತ. ಚೇತರಿಸಿಕೊಂಡ ಮೇಲೆ, 1925ರಿಂದ 1927ರವರೆಗೆ, ಇಬ್ಬರೂ ಪಿಯಾನೋ ಮುಂದೆ ಕೂತರು. ಗುರು ಶಿಳ್ಳೆ ಹಾಕುತ್ತಿದ್ದ, ಇಲ್ಲವೇ ಒಂದೇ ಬೆರಳಲ್ಲಿ ನುಡಿಸಿ ತೋರಿಸುತ್ತಿದ್ದ. ಶಿಷ್ಯ ಗಡಿಬಿಡಿಯಲ್ಲಿ ಗೀಚಿಕೊಳ್ಳುತ್ತಿದ್ದ.

ಇಲ್ಲಿ ನನ್ನೊಳಗಿನ ಎಂಜಿನಿಯರ್ ಸುಮ್ಮನಿರಲ್ಲ. ಪಿಯಾನೋದಲ್ಲಿ ಒಂದು ಸಪ್ತಕಕ್ಕೆ 12 ಸಮಭಾಗ. ಪ್ರತಿ ಮೆಟ್ಟಿಲಿಗೂ ಕಂಪನಾಂಕ ಸುಮಾರು 1.059 ಪಟ್ಟು ಏರುತ್ತದೆ. ಅಷ್ಟೇ, ನಡುವೆ ಏನೂ ಇಲ್ಲ. ಪೂರ್ವದ ರಾಗಗಳ ಜೀವ ಇರೋದೇ ಆ ನಡುವೆ. ವೀಣೆಯ ತಂತಿ ಎಳೆದ ಹಾಗೆ ಪಿಯಾನೋದ ಕೀ ಎಳೆಯೋಕಾಗುತ್ತಾ? ಇಲ್ಲ. ಹಾರ್ಟ್‌ಮನ್ ತಂಬೂರಿಯ ಶ್ರುತಿಯ ಹಾಗೆ ಕೆಳಗೊಂದು ಸ್ವರ ಹಿಡಿದಿಟ್ಟ, ಮೇಲೆ ಚಿಕ್ಕಚಿಕ್ಕ ಅನುಸ್ವರಗಳನ್ನು ಪೋಣಿಸಿದ. ಸಿಗದ ಸ್ವರದ ನೆರಳಾದರೂ ಸಿಕ್ಕಿತು.

1929ರಲ್ಲಿ ಆತ ಗುರುವಿನಿಂದ ದೂರವಾದ. ಬೋಧನೆಯನ್ನು ಮಾತ್ರ ಬಿಡಲಿಲ್ಲ. 1949ರಲ್ಲಿ ಗುರು ತೀರಿಹೋದ ಮೇಲೂ ಆ ಸಂಗೀತವನ್ನು ತಾನೇ ನುಡಿಸಿ ಧ್ವನಿಮುದ್ರಿಸಿಟ್ಟ. 1956ರಲ್ಲಿ ಕಣ್ಮುಚ್ಚಿದ.

ಶಿಳ್ಳೆ ಗಾಳಿಗೆ ಹೋಯಿತು. ಉಳಿದದ್ದು ಶಿಷ್ಯ ಗೀಚಿದ ಕಾಗದ. ಆದರೂ ಶೀರ್ಷಿಕೆಯಲ್ಲಿ ಆತನ ಹೆಸರಿಲ್ಲ.

ಇದು ಅನ್ಯಾಯ ಅಂತ ಕೂಗಾಡೋಣ ಅನ್ನಿಸಿತು, ವೃತ್ತಿಯ ಚಾಳಿ. ಆಮೇಲೆ ನೆನಪಾಯಿತು: ದಿನಾ ಪರದೆ ಮೇಲೆ ನಿಮಗೆ ಕಾಣೋದು ನನ್ನ ಮುಖ. ಬರೆದುಕೊಟ್ಟವರು, ಎಡಿಟ್ ಟೇಬಲ್‌ನಲ್ಲಿ ಕೂತವರು, ಅವರ ಹೆಸರು ನಾನು ಎಷ್ಟು ಸಲ ಹೇಳಿದ್ದೇನೆ?