ಗಣೆಯ ದನಿ

ಪರಂಗಿ ಎಲೆಯ ತೊಟ್ಟು ಟೊಳ್ಳು. ಅದನ್ನು ಕತ್ತರಿಸಿ ಊದಿದರೆ ಪೀಪಿಯಾಯಿತು. ತೆಂಗಿನ ಗರಿಯನ್ನು ಸುರುಳಿ ಸುತ್ತಿದರೆ ಓಲಗವಾಯಿತು. ಇನ್ನು ಜಾತ್ರೆಯ ಪಿಟೀಲು. ಮಣ್ಣಿನ ಕುಡಿಕೆಗೆ ಕಾಗದ ಬಿಗಿದು, ಬಿದಿರುಕಡ್ಡಿಗೆ ತಂತಿ ಕಟ್ಟಿದ ಆ ವಾದ್ಯ ಮಾರುವವನ ಕೈಯಲ್ಲಿ ಸಿನಿಮಾ ಹಾಡನ್ನೇ ನುಡಿಯುತ್ತದೆ, ಮನೆಗೆ ತಂದೊಡನೆ ಬೆಕ್ಕಿನಂತೆ ಕೂಗುತ್ತದೆ. ಇವನ್ನೆಲ್ಲ ಆಟಿಕೆಯೆಂದು ತಳ್ಳಿಹಾಕುವುದು ನಮ್ಮ ವಾಡಿಕೆ. ಆದರೆ ಎರಡು ಅಳತೆಯ ತೊಟ್ಟುಗಳನ್ನು ಊದಿದ ಹುಡುಗನಿಗೆ ಒಂದು ಶಾಸ್ತ್ರ ತಾನಾಗಿ ತಿಳಿದುಬಿಡುತ್ತದೆ. ಗಿಡ್ಡ ಕೊಳವೆಯದು ಕೀರಲು, ಉದ್ದ ಕೊಳವೆಯದು ತಗ್ಗು. ಉದ್ದ ಇಮ್ಮಡಿಯಾದರೆ ದನಿ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತದೆ.

ಈ ತಿಳಿವನ್ನು ಕೊನೆಯವರೆಗೆ ಹಿಡಿದು ಹೋದವರು ನಮ್ಮ ಸೀಮೆಯ ಕಾಡುಗೊಲ್ಲರು. ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆಗಳ ಕಡೆ ತಿರುಗಾಡಿದವರಿಗೆ ಗೊಲ್ಲರಹಟ್ಟಿಗಳು ಹೊಸತಲ್ಲ. ಅವರ ವಾದ್ಯ ಗಣೆ. ಗಣೆಯೆಂದರೆ ಬಿದಿರ ಗಳು, ಅಷ್ಟೆ. ದೊಂಬರು ಏರಿ ಆಡುವುದೂ ಗಣೆಯೇ. ಹಟ್ಟಿಯಲ್ಲಿ ಮಾತ್ರ ಅದು ಜುಂಜಪ್ಪನ ಕೊಳಲಿನ ಹೆಸರು. ಚಿತ್ರಪಟದ ಕೃಷ್ಣ ಕೊಳಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಾನು, ಗಣೆಯನ್ನು ಹಾಗೆ ಸಿಕ್ಕಿಸಲಾಗದು, ಅಷ್ಟುದ್ದ. ಕಚೇರಿಯ ವೇಣುವಿನ ಹೊಳಪು ಅದರಲ್ಲಿಲ್ಲ. ಉಸಿರು ಬೆರೆತ, ತಗ್ಗಿದ ದನಿ ಅದರದು.

ಜುಂಜಪ್ಪ ದನಗಾಹಿ ವೀರ. ಸೋದರಮಾವಂದಿರ ಹಗೆಗೆ ಬಲಿಯಾಗಿ ದೈವವಾದವನು. ಶಿರಾ ತಾಲ್ಲೂಕಿನ ಕಳುವರಹಳ್ಳಿ ಅವನ ದೊಡ್ಡ ನೆಲೆ. ಅವನ ಕಥೆಯಲ್ಲಿ ಗಣೆ ಅಲಂಕಾರಕ್ಕೆ ಬಂದುದಲ್ಲ. ಅದು ದನಗಳನ್ನು ಕರೆಯುವ ದನಿ. ತಂಬೂರಿಯವನಂತೆ ನುಡಿಸುತ್ತಲೇ ಹಾಡುವ ಅನುಕೂಲ ಊದುವವನಿಗಿಲ್ಲ, ಬಾಯಿ ಒಂದೇ ತಾನೆ? ಮಾತು ನಿಂತಲ್ಲಿ ಗಣೆ, ಗಣೆ ನಿಂತಲ್ಲಿ ಮಾತು.

ಮನೆಯಂಗಳದಲ್ಲಿ ಸಿಕ್ಕ ಸಾಮಗ್ರಿಯಿಂದ ವಾದ್ಯ ಕಟ್ಟುವುದು ನಮ್ಮಲ್ಲಿ ಹಳೆಯ ವಿದ್ಯೆ. ಸೋರೆಬುರುಡೆಗೆ ಬಿದಿರ ದಂಡಿ ಸೇರಿಸಿದ ಕಿನ್ನರಿ ಹನ್ನೆರಡನೆಯ ಶತಮಾನದ ಶರಣ ಬೊಮ್ಮಯ್ಯನ ಹೆಸರಿಗೇ ಅಂಟಿಕೊಂಡಿತು. ಮುಂದಿನ ಶತಮಾನದಲ್ಲಿ ಶಾರ್ಙ್ಗದೇವ 'ಸಂಗೀತರತ್ನಾಕರ'ದಲ್ಲಿ ಅದರ ಬಗೆಗಳನ್ನು ಅಳತೆಸಹಿತ ಬರೆದಿಟ್ಟ. ಬಾಗಿದ ಕಡ್ಡಿಯಿಂದ ಚರ್ಮವನ್ನು ಉಜ್ಜಿ ಗುಟುರು ಹಾಕಿಸುವ ಉರುಮೆಯೂ ಇದೇ ಜಾತಿಯ ಜಾಣ್ಮೆ. ಅಮೆರಿಕದ ಹ್ಯಾರಿ ಪಾರ್ಚ್ ಬರ್ಕ್ಲಿ ಪ್ರಯೋಗಾಲಯದವರು ಬಿಸುಟ ಗಾಜಿನ ಬುದ್ದಲಿಗಳನ್ನು ಕತ್ತರಿಸಿ ತೂಗುಹಾಕಿ ವಾದ್ಯ ಮಾಡಿಕೊಂಡ, ಸ್ಥಾಯಿಯನ್ನು ೪೩ ಸ್ವರಗಳಾಗಿ ಒಡೆದ. ಜಾನ್ ಕೇಜ್ ೧೯೪೮ರಲ್ಲಿ ಆಟಿಕೆಯ ಪಿಯಾನೋಗೆಂದೇ ಕೃತಿ ರಚಿಸಿದ. ಅದಕ್ಕೆ ಪ್ರಯೋಗವೆಂಬ ಹೆಸರು ಬಂತು, ಪುಸ್ತಕಗಳು ಬಂದವು. ಗಣೆಗೆ ಮಾತ್ರ ಒಬ್ಬ ಶಾರ್ಙ್ಗದೇವ ದೊರೆಯಲಿಲ್ಲ.

ಕನ್ನಡ ಮೇಷ್ಟರುಗಳಾದ ನಮ್ಮ ಕಿವಿ ಮಾತಿನ ಕಡೆಗೇ ವಾಲಿದ್ದು. ೧೯೩೧ರಲ್ಲಿ ಹಲಸಂಗಿ ಗೆಳೆಯರು 'ಗರತಿಯ ಹಾಡು' ತಂದಂದಿನಿಂದ ಜನಪದರ ಮಾತನ್ನು ಭಕ್ತಿಯಿಂದ ಕೂಡಿಹಾಕಿದ್ದೇವೆ. ಅದು ಸಣ್ಣ ಕೆಲಸವೇನಲ್ಲ. ಜುಂಜಪ್ಪನ ಕಥೆಯೂ ಅಚ್ಚಾಗಿದೆ. ಆದರೆ ಅಚ್ಚಿನ ಪುಟದಲ್ಲಿ ಗಣೆಗೆ ಎಡೆಯಿಲ್ಲ. ಒಂದೇ ಸೊಲ್ಲು ಮರಳಿ ಮರಳಿ ಬಂದಾಗ ತರಗತಿಯ ಹುಡುಗರು ಬೇಸರಿಸುತ್ತಾರೆ. ಆ ಎರಡು ಸೊಲ್ಲುಗಳ ನಡುವೆ ಒಂದು ಉಸಿರಿನಷ್ಟು ಉದ್ದ ಗಣೆ ಊದಿತ್ತೆಂದು ಅವರಿಗೆ ಪುಸ್ತಕ ಹೇಳುವುದಿಲ್ಲ. ನನ್ನ ಮಟ್ಟಿಗೆ ಇದು ಪಾಠಾಂತರಕ್ಕಿಂತ ದೊಡ್ಡ ಲೋಪ. ಪಂಪನ ಒಂದು ಅಕ್ಷರಕ್ಕಾಗಿ ನಾವು ವರ್ಷಗಟ್ಟಲೆ ಕಾದಾಡುತ್ತೇವಲ್ಲ!

ಗಣೆ ಊದುವವರು ಇಂದು ವಿರಳ, ಮಾಡಬಲ್ಲವರು ಇನ್ನೂ ವಿರಳ. ಎಂಥ ಬಿದಿರನ್ನು ಆರಿಸಬೇಕು, ಯಾವ ಕಾಲದಲ್ಲಿ ಕಡಿಯಬೇಕು, ಗಿಣ್ಣನ್ನು ಹೇಗೆ ತೂತು ಮಾಡಬೇಕು, ಎಷ್ಟು ಬೆರಳು ಬಿಟ್ಟು ರಂಧ್ರ ಕೊರೆಯಬೇಕು ಎಂಬುದೆಲ್ಲ ಕೈಯಿಂದ ಕೈಗೆ ಬಂದ ವಿದ್ಯೆ. ಕೈ ತಪ್ಪಿದರೆ ಹೋಯಿತು. ಅಳತೆ ಹಿಡಿಯಲು ಒಂದು ನೂಲು, ಒಂದು ಪೆನ್ಸಿಲ್ಲು ಸಾಕು. ದನಿ ಹಿಡಿಯುವ ಯಂತ್ರವಂತೂ ಈಗ ಪ್ರತಿ ವಿದ್ಯಾರ್ಥಿಯ ಜೇಬಿನಲ್ಲಿದೆ. ಶಿರಾ ಕಡೆಯ ಇಬ್ಬರು ಹುಡುಗರಿಗೆ ಈ ಬೇಸಗೆ ರಜೆಯಲ್ಲಿ ಪ್ರಬಂಧ ಬರೆಯುವುದು ಬೇಡ, ಹಟ್ಟಿಗೆ ಹೋಗಿ ಗಣೆಯನ್ನು ಅಳೆದು ತನ್ನಿ ಎಂದು ಹೇಳಿದ್ದೇನೆ.