ಹಣ ನೋಡಿ ಒಲಿದರೆ ಅಪರಾಧವೇ?

ಸಿರಿವಂತ ಎಂಬ ಒಂದೇ ಕಾರಣಕ್ಕೆ ಒಬ್ಬನ ಸಂಗ ಮಾಡುವುದು ಅಪರಾಧವೇ? ಊರ ಕಟ್ಟೆಯ ಮೇಲೆ ಇದಕ್ಕೆ ಉತ್ತರ ಸುಲಭ. ಕಾನೂನಿನಲ್ಲಿ ಹುಡುಕುವವರು ಕಲ್ಯಾಣದವರೆಗೆ ಹೋಗಬೇಕಾಗುತ್ತದೆ.

ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ಟೀಕೆ ಬರೆದ. ಆ ಸ್ಮೃತಿಗೆ ಈ ವಿಷಯದಲ್ಲಿ ಸಂಕೋಚವಿಲ್ಲ. ಹಣ ಪಡೆದು ಆಮೇಲೆ ಒಲ್ಲೆನೆಂದ ವೇಶ್ಯೆ ಎರಡರಷ್ಟು ತೆರಬೇಕು. ಮಾತಿಗೆ ತಪ್ಪಿದ ಗಂಡಸಿಗೂ ನಿಯಮವುಂಟು. ಅಂದರೆ ಅದೂ ಒಂದು ಕರಾರೇ.

ಬ್ರಿಟಿಷರು ಬಂದ ಮೇಲೆ ಈ ಲೆಕ್ಕ ತಿರುಗಿತು. 1872ರ ಭಾರತೀಯ ಕರಾರು ಕಾಯ್ದೆಯ 23ನೇ ಕಲಮು ನೀತಿಬಾಹಿರ ಕರಾರುಗಳನ್ನು ಅಸಿಂಧು ಎನ್ನುತ್ತದೆ. ಅಲ್ಲಿ ಕೊಟ್ಟ ಉದಾಹರಣೆಯೊಂದು ಮೈ ಜುಮ್ಮೆನಿಸುವಂಥದು: ತಾಯಿಯೊಬ್ಬಳು ಮಗಳನ್ನು ಉಪಪತ್ನಿಯಾಗಿ ಬಾಡಿಗೆಗೆ ಕೊಡಲು ಒಪ್ಪುತ್ತಾಳೆ. ದಂಡಸಂಹಿತೆಯಡಿ ಶಿಕ್ಷೆ ಆಗದಿದ್ದರೂ ಆ ಒಪ್ಪಂದ ನಿಲ್ಲದು!

ಅಂದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ದುಂಡಸಿಗೂ ಇದೇ ಕಾಯ್ದೆ. ಅಲ್ಲಿನ ಸಾಹುಕಾರನೊಬ್ಬ 'ನನ್ನ ಜೊತೆ ಇರು, ಎರಡೆಕರೆ ಬರೆದುಕೊಡುತ್ತೇನೆ' ಎಂದನೆಂದುಕೊಳ್ಳಿ. ಆಕೆ ಕೋರ್ಟಿಗೆ ಹೋದರೂ ಹೊಲ ಸಿಗದು. ಆದರೆ ಹಿಂದಿನ ಸಹವಾಸ ನೆನೆದು ಸ್ವಂತ ಆಸ್ತಿಯನ್ನು ದಾನಪತ್ರ ಮಾಡಿಕೊಟ್ಟರೆ? ಅಂಥ ಸಹವಾಸ ದಾನಕ್ಕೆ ಪ್ರೇರಣೆ ಮಾತ್ರ, ಅದರಿಂದ ದಾನ ಕೆಡದು ಎಂದು 1967ರಲ್ಲಿ ಸುಪ್ರೀಂ ಕೋರ್ಟು ಆಂಧ್ರದ ಪ್ರಕರಣವೊಂದರಲ್ಲಿ ಹೇಳಿತು. ಆ ಪ್ರಕರಣದ ಹೆಂಗಸು ಮಾತ್ರ ಸೋತಳು. ಬರೆದುಕೊಟ್ಟದ್ದು ಅವಿಭಕ್ತ ಕುಟುಂಬದ ಆಸ್ತಿಯಾಗಿತ್ತು.

ಹಣದಾಸೆಗೆ ಶಿಕ್ಷೆಯಿಲ್ಲ. ಸುಳ್ಳು ನಂಬಿಸಿ ಹಣ ಕಿತ್ತುಕೊಂಡರೆ ಅದು ವಂಚನೆ. ನಾವೆಲ್ಲ ಆಡುಮಾತಿನಲ್ಲಿ ಬಳಸುವ 'ಫೋರ್ ಟ್ವೆಂಟಿ' 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಾಗಿದೆ.

ನಿಜವಾದ ಸಂಕಟ ಬೇರೆಯದು. ಜನ 'ಹಣಕ್ಕಾಗಿ ಬಂದವಳು' ಎಂದ ಹೆಂಗಸು ಅವನೊಬ್ಬನೊಡನೆಯೇ ಬಾಳಿ ಮುದುಕಿಯಾದರೆ, ಅವನು ಸತ್ತ ಮೇಲೆ ಅವಳ ಗತಿಯೇನು? ಹಳೆಯ ಹಿಂದೂ ಕಾನೂನು ಅಂಥವಳನ್ನು 'ಅವರುದ್ಧ ಸ್ತ್ರೀ' ಎಂದು ಕರೆದು, ಅವನ ಆಸ್ತಿಯಿಂದ ಜೀವನಾಂಶ ಕೊಡಿಸುತ್ತಿತ್ತು. ಆಕೆ ಅವನ ಮನೆಯಲ್ಲೇ ಇದ್ದಿರಬೇಕಿಲ್ಲ ಎಂದು 1926ರಲ್ಲಿ ಪ್ರಿವಿ ಕೌನ್ಸಿಲು ಮುಂಬಯಿಯ ಪ್ರಕರಣವೊಂದರಲ್ಲಿ ತೀರ್ಪಿತ್ತಿತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಅವಲಂಬಿತರ ಪಟ್ಟಿಯಲ್ಲಿ ಅವಳ ಚಿಕ್ಕ ಮಕ್ಕಳಿದ್ದಾರೆ, ಅವಳಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ 'ಮದುವೆಯಂಥ ಸಂಬಂಧ'ಕ್ಕೆ ರಕ್ಷಣೆ ನೀಡಿತು. ಆದರೆ 2010ರಲ್ಲಿ ಸುಪ್ರೀಂ ಕೋರ್ಟು, ಹಣ ಕೊಟ್ಟು ಮುಖ್ಯವಾಗಿ ದೇಹಸುಖಕ್ಕೆಂದೇ ಇಟ್ಟುಕೊಂಡವಳು ಆ ಮಾತಿನೊಳಗೆ ಬರುವುದಿಲ್ಲ ಎಂದಿತು.